ಬುಗುರಿ ಜ್ಞಾನತಾಯಿಯಾದದ್ದು

ಸಂತೋಷ ಹೆಚ್ಚಾದರೆ ಅವಳು ಸುತ್ತುತ್ತಿದ್ದಳು. ನಿಂತ ಜಾಗದಲ್ಲೇ ಕೈಗಳನ್ನು ತುಸು ಅಗಲಿಸಿ, ಒಂದು ಸುತ್ತು, ಮತ್ತೊಂದು ಸುತ್ತು, ಕಣ್ಣು ಕತ್ತಲೆ ಬರುವವರೆಗೆ. ಅವಳು ಇನ್ನೂ ತೊದಲು ಮಾತಾಡುವ ಕಾಲಕ್ಕೆ ಸೋದರಮಾವ ಅದನ್ನು ನೋಡಿ "ಇದೇನೇ ಅಕ್ಕ, ಮಗು ಹೆತ್ತಿದೀಯೋ ಬುಗುರಿ ಹೆತ್ತಿದೀಯೋ?" ಎಂದು ಕೇಳಿದ್ದ. ಆ ಹೆಸರೇ ಅಂಟಿಕೊಂಡಿತು. ಈಗ ಅವಳ ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಇಣುಕುತ್ತಿದೆ. ಬುಗುರಿ ಈಗಲೂ ಸುತ್ತುತ್ತಾಳೆ. ಆದರೆ ಸುತ್ತುವ ಮೊದಲು ಅಕ್ಕಪಕ್ಕದಲ್ಲಿ ಗಾಜಿನ ಸಾಮಾನು ಇದೆಯೇ ಎಂದು ನೋಡಿಕೊಳ್ಳುತ್ತಾಳೆ.

ಅವಳ ಕೆಲಸ ಅದೇ ಮಾವನ ಸೋಫಾ ರಿಪೇರಿ ಅಂಗಡಿಯಲ್ಲಿ. ಹಳೆ ಸೋಫಾ ಬಂದರೆ ಮೊದಲು ಅದನ್ನು ಅಂಗಾತ ಮಲಗಿಸಿ, ತಳದ ಕಪ್ಪು ಬಟ್ಟೆ ಬಿಚ್ಚಿ, ತುಕ್ಕು ಹಿಡಿದ ಮೊಳೆಗಳನ್ನು ಕಿತ್ತು, ಜೋತುಬಿದ್ದ ಪಟ್ಟಿಗಳನ್ನು ಬಿಗಿದು ಕಟ್ಟಬೇಕು. ಸೋಫಾದ ಹೊಟ್ಟೆಯೊಳಗೆ ಏನೇನೋ ಸಿಗುತ್ತದೆ: ಬಾಚಣಿಗೆ, ಪೆನ್ನಿನ ಮುಚ್ಚಳ, ಒಂಟಿ ಕಾಲುಚೀಲ. ಒಮ್ಮೆ ಹಲ್ಲುಸೆಟ್ಟಿನ ಕೆಳಗಿನ ಅರ್ಧ ಸಿಕ್ಕಿತ್ತು. "ಯಾರೋ ನಗ್ತಾ ನಗ್ತಾ ಕಳ್ಕೊಂಡಿದಾರೆ ಮಾವ," ಎಂದು ಬುಗುರಿ ಆ ಇಡೀ ದಿನ ನಕ್ಕಿದ್ದಳು. ಬಟ್ಟೆಗೆ ಪಿನ್ನು ಹೊಡೆಯುವ ಗನ್ನು ಗಾಳಿಯ ಯಂತ್ರದಿಂದ ಓಡುತ್ತದೆ. ಯಂತ್ರ ಶುರುವಾದರೆ ಪಕ್ಕದಲ್ಲಿದ್ದವರಿಗೂ ಕೂಗಿ ಹೇಳಬೇಕು. ಬುಗುರಿಗೆ ಗದ್ದಲ ಎಂದರೆ ಚರ್ಮ ಸುಲಿದಂತೆ. ಹಾಗಾಗಿ ಅವಳು ತಲೆಯ ಮೇಲಿಂದ ಪಟ್ಟಿ ಹಾಯುವ, ಎರಡೂ ಕಿವಿಯನ್ನು ಬೋಗುಣಿಯ ಹಾಗೆ ಮುಚ್ಚುವ ಒಂದು ಸಾಧನ ಹಾಕಿಕೊಳ್ಳುತ್ತಾಳೆ. ಅಂಗಡಿಯಲ್ಲಿ ಅದಕ್ಕೆ ಕಿವಿಡಬ್ಬಿ ಎನ್ನುತ್ತಾರೆ.

ಅವಳಿಗೆ ಆಟಿಸಂ ಇದೆ ಎಂದು ತಿಳಿದದ್ದು ತೀರಾ ತಡವಾಗಿ, ಮೂವತ್ತು ದಾಟಿದ ಮೇಲೆ. ಡಾಕ್ಟರಮ್ಮ ನಿಧಾನವಾಗಿ, ಹೂವಿನ ಮೇಲೆ ನಡೆಯುವವರ ಹಾಗೆ, ಎಲ್ಲವನ್ನೂ ವಿವರಿಸಿದರು. ಬುಗುರಿಯ ಅಮ್ಮ ಕೇಳಿಸಿಕೊಂಡು, "ಇಷ್ಟೇನಾ? ನಾನು ಇಷ್ಟು ವರ್ಷ ಹಠ ಅಂದ್ಕೊಂಡು ಬೈದು ಬೈದು ಗಂಟಲು ಹರ್ಕೊಂಡೆನಲ್ಲ," ಎಂದರು. ಬುಗುರಿ ಕೇಳಿದ್ದು ಒಂದೇ ಮಾತು. "ನನ್ನ ಥರ ಬೇರೆಯವರೂ ಇದಾರಾ?" ಬೇಕಾದಷ್ಟು ಜನ ಇದ್ದಾರೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಅವಳು ಹೊರಗೆ ಬಂದು ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ಸುತ್ತಿದ್ದೇ ಸುತ್ತಿದ್ದು. ಔಷಧಿಯ ಗಾಡಿ ತಳ್ಳುತ್ತಿದ್ದ ನರ್ಸು ಗೋಡೆಗೆ ಆತುಕೊಂಡು ದಾರಿ ಬಿಟ್ಟಳು.

ಮನೆಯವರೆಲ್ಲ ಕಥೋಲಿಕರು. ಭಾನುವಾರ ಬಂತೆಂದರೆ ಬುಗುರಿ ಚರ್ಚಿಗೆ ಹೊರಟು ಎಲ್ಲರಿಗಿಂತ ಮುಂಚೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾಳೆ. ಅವಳಿಗೆ ಪೂಜೆ ಅಷ್ಟು ಇಷ್ಟವಾಗಲು ಕಾರಣ ಏನೆಂದು ತಂಗಿ ಒಮ್ಮೆ ಕೇಳಿದಾಗ ಹೇಳಿದ್ದಳು: "ಮದುವೆ ಮನೆಗೆ ಹೋದ್ರೆ, ಬಸ್ಸಲ್ಲಿ ಹೋದ್ರೆ, ಯಾರಾದ್ರೂ ಒಂದು ಮಾತು ಅಂದ್ರೆ ಅದಕ್ಕೆ ಏನು ಹೇಳ್ಬೇಕು ಅಂತ ಯಾರೂ ಬರೆದಿಟ್ಟಿರಲ್ಲ. ಇಲ್ಲಿ ಫಾದರ್ ಏನು ಅಂತಾರೆ, ನಾವೇನು ಅನ್ಬೇಕು, ಎಲ್ಲಾ ಗೊತ್ತು. ಎಲ್ರೂ ಒಟ್ಟಿಗೇ ಅಂತೀವಿ. ದೇವರ ಜೊತೆ ಮಾತಾಡೋದು ಪಕ್ಕದ್ಮನೆಯವರ ಜೊತೆ ಮಾತಾಡೋದಕ್ಕಿಂತ ಸುಲಭ."

ಸುಲಭವಲ್ಲದ್ದೂ ಇತ್ತು. ಪೂಜೆಯ ನಡುವೆ ಶಾಂತಿಯ ಹಾರೈಕೆ ಎಂದು ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕುವ ಹೊತ್ತು ಬಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಬೆವರಿದ ಕೈ, ಒರಟು ಕೈ, ಬಿಡದೇ ಹಿಡಿಯುವ ಕೈ. ಅದಕ್ಕೇ ಅವಳು ದಪ್ಪ ಕಂಬದ ಮರೆಯ ಬೆಂಚು ಹಿಡಿದಿದ್ದಳು. ಆ ಬೆಂಚಿನ ಹಿಂದಿನ ಸಾಲಿನಲ್ಲಿ ಬಸ್ ಓಡಿಸುವ ಒಬ್ಬ ದಢೂತಿ ಮನುಷ್ಯ ಕೂರುತ್ತಿದ್ದ. ಡ್ರೈವರಣ್ಣ ಎಂದೇ ಅವನು ಎಲ್ಲರಿಗೂ ಪರಿಚಯ. ಒಂದು ಭಾನುವಾರ ಅವನು ಕೈ ಚಾಚಿ, ಅವಳ ಮುಖ ಕಂಡು, ಚಾಚಿದ ಕೈಯನ್ನು ಹಾಗೇ ಮೇಲೆತ್ತಿ ಹಣೆಗೆ ತಾಗಿಸಿ ಸೆಲ್ಯೂಟ್ ಹೊಡೆದ, ಎದುರಿನ ಬಸ್ಸಿನ ಡ್ರೈವರಿಗೆ ಹೊಡೆಯುವಂತೆ. ಬುಗುರಿಯೂ ಹೊಡೆದಳು. ಅಂದಿನಿಂದ ಆ ಕಂಬದ ಸುತ್ತಲಿನ ಎರಡು ಮೂರು ಬೆಂಚಿನವರು ಸೆಲ್ಯೂಟಿನಲ್ಲೇ ಶಾಂತಿ ಹಂಚಿಕೊಳ್ಳತೊಡಗಿದರು.

ಪಾಪನಿವೇದನೆಯದು ಇನ್ನೊಂದು ಕಥೆ. ಅವಳು ತನ್ನ ಪಾಪಗಳನ್ನು ಚೊಕ್ಕವಾಗಿ ಹೇಳಿ ಮುಗಿಸುತ್ತಿದ್ದಳು. ತೊಡಕು ಬರುತ್ತಿದ್ದದ್ದು ಆಮೇಲೆ. ಫಾದರ್ ಜಾಲರಿಯ ಆಚೆಯಿಂದ, "ಸರಿ ಮಗಳೇ, ಹೋಗಿ ಒಂದೆರಡು ಪ್ರಾರ್ಥನೆ ಹೇಳು," ಎನ್ನುವರು.

"ಒಂದಾ, ಎರಡಾ ಫಾದರ್?"

"ಒಂದೆರಡು ಅಂದರೆ... ನಿನಗೆ ಎಷ್ಟು ತೋಚುತ್ತೋ ಅಷ್ಟು."

"ನನಗೆ ತೋಚಲ್ಲ. ಅದಕ್ಕೇ ಕೇಳ್ತಿರೋದು."

ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮುವರು. ಕೊನೆಗೆ ಫಾದರ್ "ಎರಡು" ಎಂದು ತೀರ್ಪು ಕೊಟ್ಟ ಮೇಲೆ ಅವಳು ಹಗುರವಾಗಿ ಎದ್ದು ಬರುವಳು. ಹಾಗೆಂದು ಅವಳಿಗೆ ಮಾತಿನ ಒಳಅರ್ಥ ತಿಳಿಯುವುದೇ ಇಲ್ಲ ಎಂದೇನಲ್ಲ. "ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ಯಾರಾದರೂ ಅಂದರೆ ಕ್ಷಮಿಸಬೇಕು ಎಂದು ಗೊತ್ತು. ಆದರೆ ಅದಕ್ಕೂ ಮೊದಲು ತಪ್ಪೊಂದು ಉಂಡೆಯಾಗಿ ಗಂಟಲಲ್ಲಿ ಇಳಿಯುವ ಚಿತ್ರ ಬಂದು ಅವಳಿಗೆ ನಗು ಉಕ್ಕುತ್ತದೆ. ಕ್ಷಮೆ ಕೇಳಿದವರು ಕಕ್ಕಾಬಿಕ್ಕಿಯಾಗುತ್ತಾರೆ.

ಫಾದರಿಗೆ ನಿಜವಾದ ಪರೀಕ್ಷೆ ಬಂದದ್ದು ಪ್ರಬೋಧನೆಯ, ಅಂದರೆ ಪೂಜೆಯ ನಡುವಿನ ಉಪದೇಶದ ಹೊತ್ತಿಗೆ. ಅವರು ಹೊಸದಾಗಿ ಬಂದ ದಿನಗಳು. ಕೈಯೆತ್ತಿ, ದನಿ ನಡುಗಿಸಿ, "ಪ್ರಿಯ ಸಹೋದರ ಸಹೋದರಿಯರೇ, ನೆರೆಯವರನ್ನು ತನ್ನಂತೆಯೇ ಪ್ರೀತಿಸಿದವರು ನಮ್ಮಲ್ಲಿ ಯಾರಿದ್ದಾರೆ?" ಎಂದು ಕೇಳಿ ನಿಲ್ಲಿಸಿದರು.

ಕಂಬದ ಮರೆಯಿಂದ ಬುಗುರಿ ಎದ್ದು ನಿಂತಳು. "ನಾನು ಪ್ರಯತ್ನ ಮಾಡಿದೆ ಫಾದರ್. ಬುಧವಾರ ಮಾತ್ರ ಆಗಲಿಲ್ಲ. ಅವತ್ತು ನೆರೆಯವರು ಗೋಡೆ ಕೊರೀತಾ ಇದ್ರು."

ಪೂಜೆ ಮುಗಿದ ಮೇಲೆ ಫಾದರ್ ಅವಳ ಬಳಿ ಬಂದು, "ಅದು ಉತ್ತರ ಬೇಡದ ಪ್ರಶ್ನೆಯಮ್ಮ," ಎಂದರು.

"ಉತ್ತರ ಬೇಡದಿದ್ರೆ ಯಾಕೆ ಕೇಳ್ತೀರಿ?"

ಮುಂದಿನ ವಾರದ ಪ್ರಬೋಧನೆಯಲ್ಲಿ ಒಂದೂ ಪ್ರಶ್ನೆ ಇರಲಿಲ್ಲ, ಹಾಗಾಗಿ ಅದು ಅರ್ಧಕ್ಕರ್ಧ ಚಿಕ್ಕದಾಗಿತ್ತು. ಮಂಡಿನೋವಿನ ಅಜ್ಜಿಯೊಬ್ಬರು ಹೊರಗೆ ಬುಗುರಿಯನ್ನು ತಡೆದು, "ಪುಣ್ಯ ಕಟ್ಕೊಂಡೆ ಕಣೇ ತಾಯಿ," ಎಂದರು.

ಹೀಗಿರುವಾಗ ಅವಳ ತಂಗಿಗೆ ಹೆಣ್ಣುಮಗು ಹುಟ್ಟಿತು. ಬಾಣಂತನದ ಕೋಣೆಯಲ್ಲಿ, ಮಗು ಎದೆಯ ಮೇಲೆ ಮಲಗಿರುವಾಗ ತಂಗಿ ಹೇಳಿದಳು: "ಅಕ್ಕಾ, ಇವಳ ದೀಕ್ಷಾಸ್ನಾನಕ್ಕೆ ನೀನೇ ಜ್ಞಾನತಾಯಿ ಆಗ್ಬೇಕು."

ನೀರು ಸುರಿದು ಮಗುವನ್ನು ಧರ್ಮಸಭೆಗೆ ಸೇರಿಸುವ ದೀಕ್ಷಾಸ್ನಾನದಲ್ಲಿ ಅದರ ಪರವಾಗಿ ನಿಂತು ಮಾತು ಕೊಡುವವಳು, ಮುಂದೆ ಮಗು ಬೆಳೆಯುವಾಗ ವಿಶ್ವಾಸದಲ್ಲಿ ಕೈಹಿಡಿದು ನಡೆಸುವವಳು ಜ್ಞಾನತಾಯಿ. ಬುಗುರಿ ಕೋಣೆಯ ಸುತ್ತ ಕಣ್ಣಾಡಿಸಿದಳು. ಮೇಜಿನ ಮೇಲೆ ಹಾಲಿನ ಗಾಜಿನ ಬಾಟಲಿಗಳಿದ್ದವು. ಸುತ್ತಲಾಗಲಿಲ್ಲ. ಹೊರಗೆ ಓಡಿ ಅಂಗಳದಲ್ಲಿ ಸುತ್ತಿ, ಏದುಸಿರು ಬಿಡುತ್ತಾ ಒಳಗೆ ಬಂದು, "ಆಯ್ತು," ಎಂದಳು.

ತಂಗಿಯ ಅತ್ತೆಗೆ ಇದು ಸರಿಬರಲಿಲ್ಲ. ಆಕೆ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಈಗಲೂ ಯಾರ ಜೊತೆ ಮಾತಾಡಿದರೂ ದನಿ ಇಸ್ತ್ರಿ ಹಾಕಿದ ಹಾಗಿರುತ್ತದೆ.

"ನಿನ್ನ ಅಕ್ಕ ಒಳ್ಳೇವಳು, ಇಲ್ಲ ಅನ್ನಲ್ಲಮ್ಮ," ಎಂದರು. "ಆದ್ರೆ ಅಷ್ಟು ಜನರ ಎದುರು ಏನಾದ್ರೂ ಹೇಳಿಬಿಟ್ರೆ? ಮಗು ಎತ್ಕೊಂಡು ಸುತ್ತಿಬಿಟ್ರೆ?"

"ಮಗು ಎತ್ಕೊಂಡು ಸುತ್ತಲ್ಲ ಅತ್ತೆ. ಸುತ್ತಲ್ಲ ಅಂತ ಹೇಳಿದಾಳೆ. ನನ್ನ ಮಗಳಿಗೆ ಯಾವತ್ತೂ ಸುಳ್ಳು ಹೇಳದೇ ಇರೋ ಒಬ್ಬ ದೊಡ್ಡವಳು ಬೇಕು. ನಾನು ನೋಡಿದವರಲ್ಲಿ ಅಂಥವಳು ಅವಳೊಬ್ಬಳೇ. ನಾನೂ ಅಲ್ಲ, ನೀವೂ ಅಲ್ಲ."

ಅತ್ತೆ, "'ನೀವೂ ಅಲ್ಲ' ಅನ್ನೋದನ್ನ ಬಿಡಬಹುದಿತ್ತು," ಎಂದರು. ಆದರೆ ಮತ್ತೆ ಆಕ್ಷೇಪ ಎತ್ತಲಿಲ್ಲ.

ದೀಕ್ಷಾಸ್ನಾನದ ವಿಧಿಯಲ್ಲಿ ಫಾದರ್ ಪ್ರಶ್ನೆ ಕೇಳುತ್ತಾರೆ, ತಂದೆತಾಯಿ ಮತ್ತು ಜ್ಞಾನತಾಯಿ ಉತ್ತರ ಕೊಡಬೇಕು. ಬುಗುರಿಗೆ ಇದು ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಚರ್ಚಿನಲ್ಲಿ ಕೊನೆಗೂ ಉತ್ತರ ಬೇಕಾದ ಪ್ರಶ್ನೆಗಳು. ಆದರೆ ವಿಧಿಯನ್ನು ಓದುತ್ತಿದ್ದಂತೆ ಒಂದು ಕಡೆ ತೊಡರಿತು. ಸಂಜೆ ಅಂಗಡಿ ಮುಚ್ಚಿದ್ದೇ, ಬಟ್ಟೆಗೆ ಅಂಟಿದ ಸ್ಪಂಜಿನ ಚೂರುಗಳನ್ನೂ ಕೊಡವದೆ ಫಾದರ್ ಮನೆಗೆ ಹೋದಳು.

ಫಾದರ್ ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಅವಳಿಗೂ ಒಂದು ಹಿಡಿ ಕೊಟ್ಟರು.

"ಫಾದರ್, 'ಸೈತಾನನ ಪೊಳ್ಳು ಮಾತುಗಳನ್ನು ತ್ಯಜಿಸುತ್ತೀರಾ' ಅಂತ ಕೇಳ್ತೀರಲ್ಲ. ಯಾವ ಮಾತು?"

"ಎಲ್ಲಾ ಮಾತುಗಳೂ."

"ಯಾವುದು ಅಂತ ಗೊತ್ತಿಲ್ಲದೆ ಬಿಟ್ಟೆ ಅಂದ್ರೆ ಸುಳ್ಳಾಗುತ್ತೆ. ಮಗು ಪರವಾಗಿ ಮೊದಲನೇ ದಿನವೇ ಸುಳ್ಳು ಹೇಳೋಕಾಗಲ್ಲ."

ಫಾದರ್ ಗಡಿಯಾರ ನೋಡಿದರು. ಬಟಾಣಿ ಇನ್ನೂ ಬಹಳ ಇತ್ತು. "ಸರಿ. ಅವನು ನನಗೆ ಹೇಳೋದನ್ನ ಹೇಳ್ತೀನಿ. ಬೆಳಿಗ್ಗೆ ಅಲಾರಂ ಹೊಡೆದಾಗ, 'ಇನ್ನೊಂದು ಐದು ನಿಮಿಷ ಮಲಕ್ಕೋ, ಏನೂ ಆಗಲ್ಲ' ಅಂತಾನೆ."

ಬುಗುರಿ ಕಿಸಕ್ಕನೆ ನಕ್ಕಳು. "ಮತ್ತೆ?"

"'ಇವತ್ತು ನಿನ್ನ ಪ್ರಬೋಧನೆ ಅದ್ಭುತವಾಗಿತ್ತು' ಅಂತಾನೆ."

"ಅದನ್ನ ಹೇಳೋನು ಸೈತಾನ ಅಂತ ಹೇಗೆ ಗೊತ್ತು?"

"ಜನ ಯಾರೂ ಹೇಳಲ್ಲ. ಇನ್ಯಾರು ಹೇಳಬೇಕು ಮತ್ತೆ?"

ಇಬ್ಬರೂ ನಕ್ಕು ನಕ್ಕು ಬಟಾಣಿ ನೆಲದ ತುಂಬ ಉರುಳಿತು. ಅದನ್ನು ಹೆಕ್ಕಲು ಇಬ್ಬರೂ ಮೇಜಿನ ಕೆಳಗೆ ಬಗ್ಗಿದರು. ಅಲ್ಲೇ, ಮಂಡಿಯೂರಿದಲ್ಲೇ, ಬುಗುರಿ ಹೇಳಿದಳು: "ನನಗೆ ಹೇಳೋದು ಬೇರೆ. 'ಎಲ್ಲರ ಥರ ನಟಿಸು, ಆಗ ಎಲ್ರೂ ನಿನ್ನ ಇಷ್ಟಪಡ್ತಾರೆ' ಅಂತ. ನಾನು ತುಂಬಾ ವರ್ಷ ನಂಬಿದ್ದೆ. ಶಾಲೇಲಿ, ಮದುವೆಮನೇಲಿ, ಎಲ್ಲಾ ಕಡೆ ನಟಿಸಿದೆ. ಮನೆಗೆ ಬಂದು ಮಂಚದ ಕೆಳಗೆ ಮಲಗ್ತಿದ್ದೆ."

ಫಾದರ್ ಕೈಗೆ ಸಿಕ್ಕ ಬಟಾಣಿಯನ್ನು ಮೇಜಿನ ಮೇಲಿಟ್ಟರು. "ಅದು ಪೊಳ್ಳೇ," ಎಂದರು. "ಅದಕ್ಕಿಂತ ಪೊಳ್ಳು ಇನ್ನೊಂದಿಲ್ಲ."

"ಒಳಗೆ ಸ್ಪಂಜಿಲ್ಲದ ಸೋಫಾ ಥರ."

"ಹಾಗೇ."

"ನನಗೆ ಹೀಗಿದೆ ಅಂತ ದೇವರಿಗೆ ಗೊತ್ತಿತ್ತಾ ಫಾದರ್?"

"ಗೊತ್ತಿತ್ತು."

"ಮೊದಲೇ ಹೇಳ್ಬಹುದಿತ್ತು," ಎಂದಳು ಬುಗುರಿ, ಕೋಪವೇನಿಲ್ಲದೆ. ಆಮೇಲೆ ಮುಖ ಅರಳಿಸಿಕೊಂಡು, "ಹಾಗಾದ್ರೆ ಆ ಮಾತನ್ನ ತ್ಯಜಿಸ್ತೀನಿ. ಇದನ್ನ ನಿಜವಾಗ್ಲೂ ಹೇಳಬಲ್ಲೆ. ಗಟ್ಟಿಯಾಗಿ ಹೇಳ್ಬಹುದಾ?"

"ಎಷ್ಟು ಗಟ್ಟಿಯಾಗಿ ಬೇಕಾದ್ರೂ ಹೇಳು," ಎಂದುಬಿಟ್ಟರು ಫಾದರ್.

ಇನ್ನು ಉಳಿದದ್ದು ಗದ್ದಲದ ಚಿಂತೆ. ಆ ಭಾನುವಾರ ನಾಲ್ಕು ಮಕ್ಕಳಿಗೆ ಒಟ್ಟಿಗೇ ದೀಕ್ಷಾಸ್ನಾನ ಎಂದು ಗೊತ್ತಾಗಿತ್ತು. ಕಿವಿಡಬ್ಬಿ ಇಲ್ಲದೆ ಆಗುವ ಮಾತಲ್ಲ. "ಅದನ್ನ ಹಾಕ್ಕೊಂಡ್ರೆ ಫೋಟೋದಲ್ಲಿ ವಿಮಾನ ಓಡಿಸೋರ ಥರ ಕಾಣ್ತಾಳಲ್ಲಮ್ಮ," ಎಂದು ಅತ್ತೆ ನಿಟ್ಟುಸಿರಿಟ್ಟರು. ಬುಗುರಿ ಮಗುವಿನ ಬಿಳಿ ನಿಲುವಂಗಿ ಹೊಲಿದು ಉಳಿದ ಸ್ಯಾಟಿನ್ ತುಂಡನ್ನು ಕೇಳಿ ತೆಗೆದುಕೊಂಡು ಹೋದಳು. ಅಂಗಡಿಯಲ್ಲಿ ಕೂತು, ಸೋಫಾದ ಕೈಗೆ ಬಟ್ಟೆ ಕೂರಿಸುವಂತೆಯೇ, ಒಂದು ನೆರಿಗೆಯೂ ಬೀಳದ ಹಾಗೆ ಕಿವಿಡಬ್ಬಿಗೆ ಅಂಗಿ ತೊಡಿಸಿದಳು. ಅತ್ತೆ ಅದನ್ನು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ. "ಹೊಲಿಗೆ ಚೆನ್ನಾಗಿದೆ," ಎಂದರು, ಹಲ್ಲು ಕೀಳಿಸಿಕೊಂಡವರ ಹಾಗೆ.

ಆ ಭಾನುವಾರ ಚರ್ಚು ಕಿಕ್ಕಿರಿದಿತ್ತು. ಸ್ನಾನದ ತೊಟ್ಟಿಯ ಸುತ್ತ ನಾಲ್ಕೂ ಕುಟುಂಬಗಳು ನಿಂತವು. ಬುಗುರಿಯ ಪಕ್ಕದಲ್ಲೇ, ಇನ್ನೊಂದು ಮಗುವಿನ ಜ್ಞಾನತಂದೆಯಾಗಿ, ಟೈ ಬಿಗಿದು ಕುತ್ತಿಗೆ ಕೆಂಪಾದ ಡ್ರೈವರಣ್ಣ. ಮೊದಲು ಒಂದು ಮಗು ಅತ್ತಿತು. ಅದನ್ನು ಕೇಳಿ ಎರಡನೆಯದು ಶುರುಮಾಡಿತು. ಆಮೇಲೆ ನಾಲ್ಕೂ ಪೈಪೋಟಿಗೆ ಬಿದ್ದವು. ಮೈಕು ಕೀಂ ಎಂದಿತು. ಬುಗುರಿ ಬಿಳಿ ಕಿವಿಡಬ್ಬಿಯೊಳಗೆ ಫಾದರ್ ತುಟಿಯನ್ನೇ ನೋಡುತ್ತಾ, ತಂಗಿಮಗಳನ್ನು ಎದೆಗೆ ಬಿಗಿಯಾಗಿ ಅವಚಿಕೊಂಡು ನಿಂತಿದ್ದಳು.

"ಈ ಮಗುವಿನ ತಂದೆತಾಯಿಗೆ ನೆರವಾಗಲು ಸಿದ್ಧರಿದ್ದೀರಾ?" ಎಂದು ಕೇಳಿ ಫಾದರ್ ಮೈಕನ್ನು ಅವಳ ಮುಂದೆ ಹಿಡಿದರು.

"ಸಿದ್ಧಳಿದ್ದೇನೆ," ಎಂದಳು ಬುಗುರಿ. ನಂತರ ಸ್ವಲ್ಪ ಯೋಚಿಸಿ, "ಡೈಪರ್ ಬದಲಾಯಿಸೋದು ಬಿಟ್ಟು. ಅದನ್ನ ಇನ್ನೂ ಕಲೀತಾ ಇದೀನಿ."

ಮುಂದಿನ ಸಾಲಿನವರು ಮುಸಿಮುಸಿ ನಕ್ಕರು. ಹಿಂದಿನ ಸಾಲಿನವರಿಗೆ ತಡವಾಗಿ ಅರ್ಥವಾಗಿ, ಅವರು ಇನ್ನೂ ಜೋರಾಗಿ ನಕ್ಕರು. ಅತ್ತೆ ಕಣ್ಣು ಮುಚ್ಚಿಕೊಂಡರು. ತಂಗಿ ಗಂಡನ ಭುಜಕ್ಕೆ ಮುಖ ಒತ್ತಿಕೊಂಡು ಕುಲುಕುತ್ತಿದ್ದಳು.

"ಸೈತಾನನನ್ನು ತ್ಯಜಿಸುತ್ತೀರಾ?"

"ತ್ಯಜಿಸುತ್ತೇನೆ." ಎಲ್ಲರೂ ಗೊಣಗಿದರು, ಮಕ್ಕಳ ಅಳುವಿನಲ್ಲಿ ಏನೂ ಕೇಳಲಿಲ್ಲ.

"ಅವನ ಎಲ್ಲಾ ಕೆಲಸಗಳನ್ನು ತ್ಯಜಿಸುತ್ತೀರಾ?"

"ತ್ಯಜಿಸುತ್ತೇನೆ."

"ಅವನ ಎಲ್ಲಾ ಪೊಳ್ಳು ಮಾತುಗಳನ್ನು ತ್ಯಜಿಸುತ್ತೀರಾ?"

ಬುಗುರಿ ಉಸಿರು ಎಳೆದುಕೊಂಡಳು. ವರ್ಷಗಟ್ಟಲೆ ಯಂತ್ರದ ಸದ್ದಿನ ಮೇಲೆ ಕೂಗಿ ಪಳಗಿದ ಅಂಗಡಿಯ ಗಂಟಲು ಅದು. "ತ್ಯಜಿಸುತ್ತೇನೆ" ಎಂದು ಅವಳು ಹೇಳಿದ್ದು ಚಾವಣಿಗೆ ಬಡಿದು ವಾಪಸ್ ಬಂತು. ಗೋಪುರದ ಪಾರಿವಾಳಗಳು ಪಟಪಟನೆ ಎದ್ದವು. ನಾಲ್ಕೂ ಮಕ್ಕಳು ಬಾಯಿ ತೆರೆದದ್ದು ತೆರೆದ ಹಾಗೇ ಅಳು ನಿಲ್ಲಿಸಿದವು. ಅವಳ ತೋಳಲ್ಲಿದ್ದ ಮಗು ಆ ಕೂಗು ಎದ್ದ ಎದೆಗೆ ಕಿವಿ ಆನಿಸಿಕೊಂಡು, ಕಣ್ಣರಳಿಸಿ, ಇದು ಎಲ್ಲಿಂದ ಬಂತು ಎಂಬಂತೆ ನೋಡುತ್ತಿತ್ತು.

ಆಗ ಪಕ್ಕದಲ್ಲಿ ಡ್ರೈವರಣ್ಣ ಟೈ ಸಡಿಲಿಸಿದ. "ನಾನೂ ತ್ಯಜಿಸುತ್ತೇನೆ" ಎಂದು ಬಸ್ಸಿನ ಹಾರನ್ನಿನಂತೆ ಗುಡುಗಿದ. ಮಂಡಿನೋವಿನ ಅಜ್ಜಿ ಬೆಂಚು ಹಿಡಿದು ಎದ್ದು, ತನ್ನ ಪುಟ್ಟ ದನಿಯಲ್ಲಿ ಆದಷ್ಟು ಜೋರಾಗಿ ಅದನ್ನೇ ಅಂದರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಬೆಂಚು ಬೆಂಚಿನಿಂದ, ಹಾಡಿನವರ ಅಟ್ಟದಿಂದ, ಬಾಗಿಲ ಹೊರಗೆ ನಿಂತವರಿಂದ, ತ್ಯಜಿಸುತ್ತೇನೆ, ತ್ಯಜಿಸುತ್ತೇನೆ. ಸೈತಾನ ಆ ಸುತ್ತಮುತ್ತ ಇದ್ದಿದ್ದರೆ ಚಪ್ಪಲಿ ಬಿಟ್ಟು ಓಡಿರುತ್ತಿದ್ದ. ಫಾದರ್ ನಗುವನ್ನು ಕೆಮ್ಮಿನಲ್ಲಿ ಮುಚ್ಚಲು ನೋಡಿ, ಆಗದೆ, ಪುಸ್ತಕದಿಂದ ಮುಖ ಮರೆಮಾಡಿಕೊಂಡರು. ಭುಜ ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ನೀರು ಸುರಿದಾಗ ಮಗು ಅಳಲಿಲ್ಲ. ಒಂದು ಸಲ ಸೀನಿತು. ತೈಲ ಹಚ್ಚಿದಾಗ ಬುಗುರಿ ಹೆದರುತ್ತಲೇ ಮಗುವಿನ ನೆತ್ತಿ ಮೂಸಿದಳು, ಗಾಢ ವಾಸನೆಗಳು ಅವಳಿಗೆ ಆಗಿಬರುವುದಿಲ್ಲ. ಆದರೆ ಅದು ಆಗತಾನೇ ಗರಗಸ ಹಾಕಿದ ಮರದ ಹಾಗೆ ಇತ್ತು. ಮತ್ತೊಮ್ಮೆ ಮೂಸಿದಳು. ಎಲ್ಲ ಮುಗಿದು ಆಶೀರ್ವಾದ ಆದ ಮೇಲೆ ಮಗುವನ್ನು ತಂಗಿಯ ಕೈಗೆ ಕೊಟ್ಟು, ಮೇಣದಬತ್ತಿಯ ಕಂಬದಿಂದ ದೂರ ಸರಿದು, ಬೆಂಚುಗಳ ನಡುವಿನ ದಾರಿಯಲ್ಲಿ ನಿಂತು ಸುತ್ತಿದಳು. ಯಾರದೋ ಮನೆಯ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಬಂದು ಅವಳ ಪಕ್ಕದಲ್ಲಿ ಸುತ್ತಿದರು. ಯಾರೂ ತಡೆಯಲಿಲ್ಲ.

ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟಕ್ಕೆ ನೆಂಟರು ತುಂಬಿದ್ದರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಒಬ್ಬರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆಯಿಂದ ನಿಂತು ದಣಿದಿದ್ದ ಅತ್ತೆ ಬುಗುರಿಯ ಹತ್ತಿರ ಬಂದು ಮೆಲ್ಲಗೆ, "ಅದನ್ನ ಒಂಚೂರು ಕೊಡ್ತೀಯಾ?" ಎಂದರು. ಬಿಳಿ ಕಿವಿಡಬ್ಬಿ ಹಾಕಿಕೊಂಡು ಕುರ್ಚಿಗೆ ಒರಗಿದರು. ಅವರ ಮುಖ ಇಳಿಬಿಟ್ಟ ಪರದೆಯ ಹಾಗೆ ಸಡಿಲವಾಯಿತು. ಅರ್ಧ ಆಯುಷ್ಯ ಕಿವಿಗೆ ಪರರ ಮಾತು ತುಂಬಿಸಿಕೊಂಡವರು. ಕೇಕು ತಂದು ಎದುರಿಗೆ ಹಿಡಿದರೂ ಕಣ್ಣು ತೆರೆಯಲಿಲ್ಲ.

"ಅತ್ತೆ, ಅದು ಅಕ್ಕನಿಗೆ ಬೇಕು," ಎಂದು ತಂಗಿ ಅವರ ಮೊಣಕೈ ಮುಟ್ಟಿದಳು.

"ಕೇಳಿಸ್ತಿಲ್ಲ," ಎಂದರು ಅತ್ತೆ.

ಮುಂದಿನ ವಾರವೇ ಬುಗುರಿ ಅವರಿಗೆ ಬೇರೊಂದು ಮಾಡಿಕೊಟ್ಟಳು, ನೀಲಿ ಮಖಮಲ್ಲಿನದು.

ನೆರವಾಗುತ್ತೇನೆ ಎಂದು ಮಾತು ಕೊಟ್ಟವಳು ಅಲ್ಲಿಗೇ ಬಿಡಲಿಲ್ಲ. ಪ್ರತಿ ಗುರುವಾರ ಅಂಗಡಿಯಿಂದ ನೇರ ತಂಗಿಯ ಮನೆಗೆ ಹೋಗುತ್ತಾಳೆ. ಡೈಪರ್ ಬದಲಾಯಿಸುವುದನ್ನೂ ಕಲಿತಳು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಮಗು ಕೂರುವಂತಾದ ಮೇಲೆ ಸ್ಪಂಜಿನ ದೊಡ್ಡ ಹಾಸು ತಂದು ನೆಲಕ್ಕೆ ಹಾಸಿ, ಅದರ ಮೇಲೆ ಎದುರಾಬದುರು ಕೂತು, ಸಂತರ ಕಥೆಗಳನ್ನು ಒಂದೂ ಬಿಡದೆ ಹೇಳಿದಳು. ಈಗ ಮಗುವಿಗೆ ಒಂದೂವರೆ ವರ್ಷ. ಮೊನ್ನೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸುತ್ತಿದ್ದಳು: ಹಣೆ, ಎದೆ, ಎಡಭುಜ, ಬಲಭುಜ. ಮಗು ಗಂಭೀರವಾಗಿ ಕೈಯೆತ್ತಿತು. ಹಣೆ ಸಿಗಲಿಲ್ಲ, ಬೆರಳು ಮೂಗಿನೊಳಗೆ ಹೋಯಿತು. ಅಲ್ಲಿಂದ ಹೊಟ್ಟೆಗೆ, ಹೊಟ್ಟೆಯಿಂದ ಬುಗುರಿಯ ಮೂಗಿಗೆ. ಬುಗುರಿ ನಗಲು ಶುರುಮಾಡಿದಳು, ಮಗುವೂ ನಕ್ಕಿತು, ಮಗು ನಕ್ಕಿದ್ದಕ್ಕೆ ಬುಗುರಿಗೆ ಇನ್ನಷ್ಟು ನಗು ಬಂದು, ಇಬ್ಬರೂ ಸ್ಪಂಜಿನ ಮೇಲೆ ಪಕ್ಕಕ್ಕೆ ಉರುಳಿದರು. ತಂಗಿ ಒಳಗಿನಿಂದ ಓಡಿಬಂದು, "ಏನಾಯ್ತೇ?" ಎಂದಳು. ಹೇಳಲು ಇಬ್ಬರಿಗೂ ಉಸಿರೇ ಇರಲಿಲ್ಲ.